ಪರದೆಯ ಮೇಲಿನ ಸುಳ್ಳುಸಾಕ್ಷಿ

ಕಳೆದ ಕ್ರಿಸ್ಮಸ್ ದಿನಗಳಲ್ಲಿ ಮನೆಭೇಟಿಗೆಂದು ಸಂತೇಬೆನ್ನೂರಿನ ಒಂದು ಕುಟುಂಬಕ್ಕೆ ಹೋಗಿದ್ದೆ. ಪ್ರಾರ್ಥನೆ ಮುಗಿಯಿತು. ಮನೆಯ ತಾಯಿ ಕಾಫಿ ತರಲು ಒಳಗೆ ಹೋದರು. ಐದನೇ ತರಗತಿಯಲ್ಲಿ ಓದುವ ಮಗ ಟಿ.ವಿ. ಹಾಕಿದ. ಕನ್ನಡಕ್ಕೆ ಡಬ್ ಮಾಡಿದ ಅಮೆರಿಕದ ಚಿತ್ರವೊಂದು ಆಗಷ್ಟೇ ಶುರುವಾಗಿತ್ತು. ಕಪ್ಪು ಮೈಬಣ್ಣದ, ಎತ್ತರದ ಒಬ್ಬ ವ್ಯಕ್ತಿ ಕಾರಿನಿಂದ ಇಳಿದು ಒಂದು ಮನೆಯ ಬಾಗಿಲು ತಟ್ಟಿದ. ಅಷ್ಟೇ. ಇನ್ನೂ ಒಂದು ಮಾತನ್ನೂ ಆಡಿರಲಿಲ್ಲ.

"ಇವನೇ ಕಳ್ಳ ಫಾದರ್, ನೋಡ್ತಾ ಇರಿ" ಎಂದ ಹುಡುಗ.

"ಅದು ಹೇಗೆ ಗೊತ್ತಾಯ್ತೋ ನಿನಗೆ?"

"ನೋಡಿದ್ರೇ ಗೊತ್ತಾಗುತ್ತಲ್ಲ ಫಾದರ್!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಕಾಫಿ ಕುಡಿದು ಮುಗಿಸುವ ಹೊತ್ತಿಗೆ ತಿಳಿಯಿತು, ಆತ ಕಳ್ಳನಲ್ಲ. ಕಳ್ಳರನ್ನು ಹುಡುಕಿಕೊಂಡು ಬಂದ ಪೊಲೀಸ್ ಅಧಿಕಾರಿ. ಹುಡುಗ ಸುಮ್ಮನಾದ.

ಆಗ ಮಾತಾಡಿದವಳು ಅವನ ಅಕ್ಕ. ದಾವಣಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿರುವ ಹುಡುಗಿ. "ನನ್ನನ್ನೂ ಹೀಗೇ ನೋಡ್ತಾರೆ ಫಾದರ್. ಸೇರಿದ ಮೊದಲನೇ ವಾರವೇ ಒಬ್ಬಳು ಕೇಳಿದಳು, 'ನೀವು ಕ್ರಿಶ್ಚಿಯನ್ ಅಲ್ವಾ, ನಿಮ್ಮನೇಲಿ ಅಪ್ಪ ಅಮ್ಮ ಎಲ್ಲಾ ಒಟ್ಟಿಗೆ ಕೂತು ಕುಡೀತಾರಂತೆ, ನಿಜಾನಾ?' ಅಂತ. ಯಾರು ಹೇಳಿದ್ರು ಅಂತ ಕೇಳಿದ್ರೆ, ಸಿನಿಮಾದಲ್ಲಿ ತೋರಿಸ್ತಾರಲ್ಲ ಅಂದಳು."

ಆ ಮನೆಯ ತಂದೆ ಜೀವಮಾನದಲ್ಲಿ ಹೆಂಡ ಮುಟ್ಟಿದವರಲ್ಲ. ಈ ಸಲ ಯಾರೂ ನಗಲಿಲ್ಲ.

ಪ್ರಿಯ ಓದುಗರೇ, ಒಂದೇ ಮನೆ, ಒಂದೇ ಸಂಜೆ. ತಮ್ಮ ಬೇರೆಯವರಿಗೆ ಮಾಡಿದ್ದನ್ನೇ ಬೇರೆಯವರು ಅಕ್ಕನಿಗೆ ಮಾಡಿದ್ದರು. ಇಬ್ಬರಿಗೂ ಪಾಠ ಹೇಳಿಕೊಟ್ಟದ್ದು ಒಂದೇ ಪರದೆ. ಈ ವಾರ ಅದರ ಬಗ್ಗೆಯೇ ಒಟ್ಟಿಗೆ ಯೋಚಿಸೋಣ.

ಅಚ್ಚಿಗೆ ಸುರಿದ ಮನುಷ್ಯರು

ಇಂಗ್ಲಿಷಿನಲ್ಲಿ ಇದಕ್ಕೆ 'ಸ್ಟೀರಿಯೋಟೈಪ್' ಎನ್ನುತ್ತಾರೆ. ಇದು ಮೂಲತಃ ಮುದ್ರಣಾಲಯದ ಪದ. ಒಂದೊಂದೇ ಅಕ್ಷರವನ್ನು ಜೋಡಿಸುವ ಬದಲು ಇಡೀ ಪುಟವನ್ನು ಒಂದೇ ಲೋಹದ ಹಲಗೆಯಾಗಿ ಎರಕಹೊಯ್ದು, ಅದೇ ಪುಟವನ್ನು ಮತ್ತೆ ಮತ್ತೆ ಅಚ್ಚು ಹಾಕುವುದು. ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ 1922ರಲ್ಲಿ ಈ ಪದವನ್ನು ಮನುಷ್ಯರ ಮನಸ್ಸಿಗೆ ಅನ್ವಯಿಸಿದರು. ನಾವು ಮೊದಲು ನೋಡಿ ಆಮೇಲೆ ಅರ್ಥಮಾಡಿಕೊಳ್ಳುವುದಿಲ್ಲ. ಮೊದಲೇ ಒಂದು ಅರ್ಥವನ್ನು ಇಟ್ಟುಕೊಂಡು ಅದರಂತೆಯೇ ನೋಡುತ್ತೇವೆ ಎಂಬುದು ಅವರ ವಾದ.

ನಮಗೆ ಇದು ಅರ್ಥವಾಗಲು ಮುದ್ರಣಾಲಯಕ್ಕೆ ಹೋಗಬೇಕಿಲ್ಲ, ಆಲೆಮನೆಗೆ ಹೋದರೆ ಸಾಕು. ಕಬ್ಬು ಯಾರ ಹೊಲದ್ದೇ ಆಗಿರಲಿ, ಕಾದ ಪಾಕವನ್ನು ಅಚ್ಚಿಗೆ ಸುರಿದರೆ ಬರುವ ಬೆಲ್ಲವೆಲ್ಲ ಒಂದೇ ಆಕಾರ. ಬೆಲ್ಲಕ್ಕೆ ಇದರಿಂದ ತೊಂದರೆಯಿಲ್ಲ. ಮನುಷ್ಯನನ್ನು ಹಾಗೆ ಅಚ್ಚಿಗೆ ಸುರಿದಾಗ ಅವನ ಮುಖ ಅಳಿಸಿಹೋಗುತ್ತದೆ.

ಸಂತೇಬೆನ್ನೂರಿನ ಪುಷ್ಕರಣಿಯನ್ನೇ ನೋಡಿ. ನೀರಿನ ನಡುವೆ ನಿಂತ ಮಂಟಪದ ಕಮಾನುಗಳನ್ನು ಕಂಡ ಹೊರಗಿನವರು "ಇದು ಸುಲ್ತಾನರ ಕಾಲದ್ದು" ಎಂದು ತಟ್ಟನೆ ಹೇಳಿಬಿಡುತ್ತಾರೆ. ಆದರೆ ಪುಷ್ಕರಣಿ ಕಟ್ಟಿಸಿದವನು ಪಾಳೆಯಗಾರ ಕೆಂಗ ಹನುಮಂತಪ್ಪ ನಾಯಕ. ಎರಡು ಶೈಲಿಗಳೂ ಅಲ್ಲಿ ಬೆರೆತಿವೆ. ಕಲ್ಲಿನ ಮಂಟಪವೇ ನಮ್ಮ ಅಚ್ಚಿಗೆ ಹೊಂದುವುದಿಲ್ಲ ಎಂದಮೇಲೆ ದೇವರ ಸ್ವರೂಪದಲ್ಲಿ ಸೃಷ್ಟಿಯಾದ ಮನುಷ್ಯ ಹೊಂದುತ್ತಾನೆಯೇ?

ಅಮೆರಿಕದ ಪರದೆ

ಆ ಹುಡುಗನ ಕಣ್ಣಿಗೆ ಬಂದ ಅಚ್ಚು ಅಮೆರಿಕದಲ್ಲಿ ನೂರು ವರ್ಷಕ್ಕೂ ಹಿಂದೆಯೇ ತಯಾರಾದದ್ದು. 1915ರಲ್ಲಿ ಡಿ. ಡಬ್ಲ್ಯೂ. ಗ್ರಿಫಿತ್ 'ದಿ ಬರ್ತ್ ಆಫ್ ಎ ನೇಷನ್' ಎಂಬ ಮೂಕಿ ಚಿತ್ರ ಮಾಡಿದರು. ಚಿತ್ರಕಲೆಯ ದೃಷ್ಟಿಯಿಂದ ಅದು ಬಹಳ ಮುಂದುವರಿದ ಚಿತ್ರ. ಆದರೆ ಅದರಲ್ಲಿ ಕರಿಯರು ಒಂದೋ ದಡ್ಡರು, ಇಲ್ಲವೇ ಬಿಳಿಯ ಹೆಣ್ಣುಮಕ್ಕಳ ಮೇಲೆ ಎರಗುವವರು. ಮುಖ್ಯ ಕರಿಯ ಪಾತ್ರಗಳನ್ನು ಮಾಡಿದವರು ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ನಟರು. ಕರಿಯರನ್ನು ಹಿಂಸಿಸಿದ ಕು ಕ್ಲಕ್ಸ್ ಕ್ಲಾನ್ ಪಡೆಯೇ ಚಿತ್ರದ ವೀರರು. ಸತ್ತುಹೋಗಿದ್ದ ಆ ಸಂಘಟನೆ ಅದೇ ವರ್ಷ ಜಾರ್ಜಿಯಾ ರಾಜ್ಯದಲ್ಲಿ ಮತ್ತೆ ಹುಟ್ಟಿತು; ಸದಸ್ಯರನ್ನು ಸೇರಿಸಲು ಅದು ಈ ಚಿತ್ರವನ್ನೇ ಬಳಸಿಕೊಂಡಿತು. ಹಾಗೆ ಮರುಹುಟ್ಟು ಪಡೆದ ಕ್ಲಾನ್ ಕರಿಯರನ್ನಷ್ಟೇ ಅಲ್ಲ, ಯೆಹೂದ್ಯರನ್ನೂ ಕಥೋಲಿಕರನ್ನೂ ದ್ವೇಷಿಸಿತು. ಒಬ್ಬರಿಗಾಗಿ ತೋಡಿದ ಗುಂಡಿಗೆ ಮತ್ತೊಬ್ಬರನ್ನೂ ನೂಕುವುದು ದ್ವೇಷದ ಸ್ವಭಾವ.

1939ರ 'ಗಾನ್ ವಿತ್ ದಿ ವಿಂಡ್' ಚಿತ್ರದಲ್ಲಿ ಹ್ಯಾಟಿ ಮೆಕ್‌ಡೇನಿಯಲ್ ಎಂಬ ಕರಿಯ ನಟಿ ದಾಸಿಯ ಪಾತ್ರ ಮಾಡಿದರು. 1940ರಲ್ಲಿ ಅವರಿಗೆ ಆಸ್ಕರ್ ಪ್ರಶಸ್ತಿ ಬಂತು. ಕರಿಯ ಕಲಾವಿದರೊಬ್ಬರಿಗೆ ಅದೇ ಮೊದಲು. ಆದರೆ ಆ ಸಮಾರಂಭದಲ್ಲಿ ಅವರನ್ನು ಕೂರಿಸಿದ್ದು ಚಿತ್ರದ ಉಳಿದ ಕಲಾವಿದರ ಜೊತೆಯಲ್ಲಲ್ಲ, ಗೋಡೆಯ ಪಕ್ಕದ ಬೇರೆ ಮೇಜಿನಲ್ಲಿ. ಪರದೆಯ ಮೇಲಿನ ದಾಸಿಯ ಸ್ಥಾನ ಪರದೆಯ ಹೊರಗೂ ಬಿಡಲಿಲ್ಲ.

ಕಾಲ ಬದಲಾಯಿತು, ಆದರೆ ನಿಧಾನವಾಗಿ. 1963ರ 'ಲಿಲೀಸ್ ಆಫ್ ದಿ ಫೀಲ್ಡ್' ಚಿತ್ರದಲ್ಲಿ ಸಿಡ್ನಿ ಪಾಯ್ಟಿಯರ್ ಕಥೋಲಿಕ ಸಂನ್ಯಾಸಿನಿಯರಿಗೆ ಪ್ರಾರ್ಥನಾಲಯ ಕಟ್ಟಿಕೊಡುವ ಕೂಲಿಗಾರನ ಪಾತ್ರ ಮಾಡಿ, 1964ರಲ್ಲಿ ಶ್ರೇಷ್ಠ ನಟ ಆಸ್ಕರ್ ಪಡೆದ ಮೊದಲ ಕರಿಯರಾದರು. ಶ್ರೇಷ್ಠ ನಟಿ ಪ್ರಶಸ್ತಿ ಕರಿಯ ಮಹಿಳೆಗೆ, ಹ್ಯಾಲಿ ಬೆರಿ ಅವರಿಗೆ, ಸಿಗಲು 2002 ಬರಬೇಕಾಯಿತು. 2015 ಮತ್ತು 2016 ಎರಡೂ ವರ್ಷ ನಟನೆಗೆ ನಾಮಕರಣಗೊಂಡ 20 ಮಂದಿಯೂ ಬಿಳಿಯರೇ ಆಗಿದ್ದಾಗ ದೊಡ್ಡ ಪ್ರತಿಭಟನೆ ನಡೆಯಿತು. 'ಬ್ಲ್ಯಾಕ್ ಪ್ಯಾಂಥರ್' (2018) ನಂಥ ಚಿತ್ರ ಜಗತ್ತಿನಾದ್ಯಂತ ಗೆದ್ದದ್ದು ಅದರ ನಂತರ.

ಭಾರತೀಯರನ್ನೂ ಈ ಅಚ್ಚು ಬಿಡಲಿಲ್ಲ. 1984ರ 'ಇಂಡಿಯಾನಾ ಜೋನ್ಸ್' ಚಿತ್ರದಲ್ಲಿ ನಮ್ಮ ಅರಮನೆಯ ಔತಣಕ್ಕೆ ಹಾವು, ಮಂಗನ ಮಿದುಳು ಬಡಿಸುತ್ತಾರೆ. ನಮ್ಮ ಸರ್ಕಾರದ ಒಪ್ಪಿಗೆ ಸಿಗದೆ ಅದನ್ನು ಶ್ರೀಲಂಕಾದಲ್ಲಿ ಚಿತ್ರಿಸಿದರು. 'ದಿ ಸಿಂಪ್ಸನ್ಸ್' ಎಂಬ ವ್ಯಂಗ್ಯಚಿತ್ರ ಸರಣಿಯಲ್ಲಿ 1990ರಿಂದ ಬರುತ್ತಿದ್ದ ಅಪು ಎಂಬ ಭಾರತೀಯ ಅಂಗಡಿಕಾರನಿಗೆ ಧ್ವನಿ ಕೊಟ್ಟವರು ಹ್ಯಾಂಕ್ ಅಜಾರಿಯಾ ಎಂಬ ಬಿಳಿಯ ನಟ. ಅಲ್ಲಿ ಬೆಳೆದ ಭಾರತೀಯ ಮಕ್ಕಳನ್ನು ಆ ಉಚ್ಚಾರಣೆಯಿಂದಲೇ ಗೇಲಿ ಮಾಡುತ್ತಿದ್ದರೆಂದು ಹಾಸ್ಯನಟ ಹರಿ ಕೊಂಡಬೋಲು 2017ರಲ್ಲಿ ಸಾಕ್ಷ್ಯಚಿತ್ರ ಮಾಡಿ ತೋರಿಸಿದರು. 2020ರಲ್ಲಿ ಅಜಾರಿಯಾ ಆ ಧ್ವನಿಯನ್ನು ಕೈಬಿಟ್ಟರು, ಆಮೇಲೆ ಕ್ಷಮೆಯನ್ನೂ ಕೇಳಿದರು.

ನಮ್ಮ ಪರದೆ

"ಅಮೆರಿಕದವರು ಹಾಗೆ" ಎಂದು ಹೇಳಿ ಮುಗಿಸಿದರೆ ಅದೂ ಒಂದು ಅಚ್ಚೇ ಆಗುತ್ತದೆ. ನಮ್ಮ ಚಿತ್ರಗಳನ್ನು ನೋಡೋಣ.

1960-70ರ ದಶಕದ ಹಿಂದಿ ಚಿತ್ರಗಳಲ್ಲಿ ಕ್ಲಬ್ಬಿನಲ್ಲಿ ಕುಣಿಯುವ ಹೆಣ್ಣಿಗೆ ಕ್ರೈಸ್ತ ಹೆಸರು ಸಾಮಾನ್ಯ. ಹೆಲನ್ 'ಗುಮ್ನಾಮ್' (1965) ಚಿತ್ರದಲ್ಲಿ ಕಿಟ್ಟಿ, 'ತೀಸ್ರಿ ಮಂಜಿಲ್' (1966) ಚಿತ್ರದಲ್ಲಿ ರೂಬಿ. 'ಅಮರ್ ಅಕ್ಬರ್ ಆಂಟನಿ' (1977) ಮೂರು ಧರ್ಮಗಳ ಸಹೋದರತ್ವದ ಕಥೆ, ಆಂಟನಿ ಒಳ್ಳೆಯವನೇ. ಆದರೂ ಮೂವರಲ್ಲಿ ಸಾರಾಯಿ ಅಂಗಡಿ ನಡೆಸುವವನು ಕ್ರೈಸ್ತನೇ.

ಕನ್ನಡಕ್ಕೆ ಬಂದರೆ, ನಮ್ಮ ಸೀಮೆಯ ಮಲೇಬೆನ್ನೂರಿನಲ್ಲಿ ಹುಟ್ಟಿದ ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ 'ನಾಗರಹಾವು' ಮಾಡಿದರು. ಚಿತ್ರದುರ್ಗದ ಕೋಟೆಯಲ್ಲಿ ತೆಗೆದ ಆ ಚಿತ್ರವನ್ನು ನೋಡದವರು ನಮ್ಮಲ್ಲಿ ಕಡಿಮೆ. ಅದರ ಮಾರ್ಗರೆಟ್ ಕೆಟ್ಟವಳಲ್ಲ. ಅವಳ ಪ್ರೀತಿ ಪ್ರಾಮಾಣಿಕವಾದದ್ದು, ಅವಳ ಅಂತ್ಯ ಕರುಣಾಜನಕ. ಇದನ್ನು ನ್ಯಾಯವಾಗಿ ಒಪ್ಪಿಕೊಳ್ಳಬೇಕು. ಆದರೆ 'ಕ್ರೈಸ್ತ ಹುಡುಗಿ' ಎಂದೊಡನೆ ಗೌನು, ಸ್ಕರ್ಟು, ಅರ್ಧ ಇಂಗ್ಲಿಷ್ ಮಾತು ಎಂಬ ಚಿತ್ರ ಇಂಥ ಪಾತ್ರಗಳಿಂದ ಜನರ ಮನಸ್ಸಿನಲ್ಲಿ ನಿಂತಿತು. ಸೀರೆಯುಟ್ಟು, ಮಲ್ಲಿಗೆ ಮುಡಿದು, ಗದ್ದೆಯಲ್ಲಿ ಕಳೆ ಕಿತ್ತು ಬಂದು ಸಂಜೆ ಜಪಸರ ಹೇಳುವ ನಮ್ಮ ತಾಯಂದಿರು ಪರದೆಯ ಮೇಲೆ ಎಲ್ಲಿದ್ದಾರೆ? ಅದೇ ಚಿತ್ರದಲ್ಲಿ ಹೆಣ್ಣುಮಕ್ಕಳನ್ನು ಚುಡಾಯಿಸುವ ಪುಂಡನ ಹೆಸರು ಜಲೀಲ. ಆ ಪಾತ್ರದಿಂದಲೇ ಅಂಬರೀಶ್ ಚಿತ್ರರಂಗಕ್ಕೆ ಬಂದರು. ಅವನ ಮಾತಿಗೆ ಶಿಳ್ಳೆ ಹೊಡೆದ ನಾವು ಮುಸ್ಲಿಂ ನೆರೆಯವನಿಗೆ ಅದು ಹೇಗೆ ಕೇಳಿಸಿರಬಹುದು ಎಂದು ಯೋಚಿಸಿದ್ದೇವೆಯೇ?

ಬಣ್ಣದ ವಿಷಯದಲ್ಲಂತೂ ನಾವು ಅಮೆರಿಕಕ್ಕೆ ಕಡಿಮೆಯಿಲ್ಲ. ಕಪ್ಪು ಹೆಣ್ಣನ್ನು ನೋಡಲು ಬಂದ ಗಂಡು ಓಡಿಹೋಗುವುದು ನಮಗೆ ಹಾಸ್ಯ. ನೇಪಾಳಿ ಕಾವಲುಗಾರ ಬಾಯಿ ತೆರೆದರೆ ಹಾಸ್ಯ. ಮಣಿಪುರದ ಬಾಕ್ಸರ್ ಮೇರಿ ಕೋಮ್ ಅವರ ಜೀವನವನ್ನೇ 2014ರಲ್ಲಿ ಚಿತ್ರ ಮಾಡಿದಾಗಲೂ ಆ ಪಾತ್ರ ಈಶಾನ್ಯದ ನಟಿಗೆ ಸಿಗಲಿಲ್ಲ, ಪ್ರಿಯಾಂಕಾ ಚೋಪ್ರಾ ಮಾಡಿದರು. ಮುಖ ಬೆಳ್ಳಗೆ ಮಾಡುವುದಾಗಿ ದಶಕಗಳ ಕಾಲ ಜಾಹೀರಾತು ಕೊಟ್ಟ 'ಫೇರ್ ಅಂಡ್ ಲವ್ಲಿ' ಕ್ರೀಮಿನ ಹೆಸರಿನಿಂದ 'ಫೇರ್' ಹೋದದ್ದು 2020ರಲ್ಲಿ.

ಒಳ್ಳೆಯ ಉದಾಹರಣೆಯೂ ಇದೆ. 2018ರ ಮಲಯಾಳಂ ಚಿತ್ರ 'ಸುಡಾನಿ ಫ್ರಮ್ ನೈಜೀರಿಯಾ'ದಲ್ಲಿ ಮಲಪ್ಪುರಂಗೆ ಫುಟ್‌ಬಾಲ್ ಆಡಲು ಬಂದ ನೈಜೀರಿಯಾದ ಯುವಕ ಗಾಯಗೊಂಡು ಒಂದು ಮುಸ್ಲಿಂ ಮನೆಯಲ್ಲಿ ಉಳಿಯುತ್ತಾನೆ. ಆ ಮನೆಯ ತಾಯಂದಿರು ಅವನನ್ನು ಮಗನಂತೆ ನೋಡಿಕೊಳ್ಳುತ್ತಾರೆ. ಅವನಿಗೂ ಊರಿನಲ್ಲಿ ಮನೆಯಿದೆ, ಬಡತನವಿದೆ, ದುಃಖವಿದೆ ಎಂದು ನೋಡುಗನಿಗೆ ತಿಳಿಯುತ್ತದೆ. ಅಚ್ಚು ಒಡೆಯಲು ಅಷ್ಟು ಸಾಕು.

ಪರದೆಯಿಂದ ಬೀದಿಗೆ

"ಸಿನಿಮಾ ಸಿನಿಮಾನೇ ಅಲ್ವಾ ಫಾದರ್, ಇದಕ್ಕೆಲ್ಲ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ?" ಎಂದು ಕೇಳುವವರಿದ್ದಾರೆ. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ ನಡೆದದ್ದನ್ನು ಅವರು ನೆನೆಯಲಿ. ಸುಡಾನ್ ದೇಶದ ವಿದ್ಯಾರ್ಥಿಯೊಬ್ಬ ಓಡಿಸುತ್ತಿದ್ದ ಕಾರು ಬಡಿದು ಸ್ಥಳೀಯ ಮಹಿಳೆಯೊಬ್ಬರು ಸತ್ತರು. ಜನರ ದುಃಖ, ಸಿಟ್ಟು ಎರಡೂ ಸಹಜ. ಸುಮಾರು ಅರ್ಧ ಗಂಟೆಯ ನಂತರ ಅದೇ ದಾರಿಯಲ್ಲಿ ಇನ್ನೊಂದು ಕಾರು ಬಂತು. ಅದರಲ್ಲಿದ್ದವಳು ಟಾಂಜಾನಿಯಾದ ವಿದ್ಯಾರ್ಥಿನಿ, ಅವಳ ಸ್ನೇಹಿತರು. ಅವರಿಗೂ ಆ ಅಪಘಾತಕ್ಕೂ ಯಾವ ಸಂಬಂಧವೂ ಇರಲಿಲ್ಲ. ದೇಶ ಬೇರೆ, ಕಾರು ಬೇರೆ, ಮನುಷ್ಯರು ಬೇರೆ. ಗುಂಪು ಅವರನ್ನು ಹಿಡಿದು ಹೊಡೆಯಿತು, ಆ ಹೆಣ್ಣುಮಗಳ ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಹಚ್ಚಿತು.

ಇದನ್ನು ಮಾಡಿಸಿದ್ದು ಯಾವುದೋ ಒಂದು ಸಿನಿಮಾ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಅದೂ ಸುಳ್ಳಾದೀತು. ಆದರೆ 'ಕರಿಯರೆಲ್ಲ ಒಂದೇ' ಎಂಬ ಒಂದು ಮಾತು ಆ ಗುಂಪಿನ ಪ್ರತಿಯೊಬ್ಬನ ತಲೆಯಲ್ಲೂ ಮೊದಲೇ ಅಚ್ಚಾಗಿತ್ತು. ಇಲ್ಲದಿದ್ದರೆ ಅವಳ ಮೇಲೆ ಕೈ ಏಳುತ್ತಿರಲಿಲ್ಲ. ಇಂಥ ಅಚ್ಚು ಒಂದು ದಿನದಲ್ಲಿ ಆಗುವುದಲ್ಲ, ಸಾವಿರ ಸಣ್ಣ ನಗೆಗಳಿಂದ ಆಗುವುದು. ಸಂತೇಬೆನ್ನೂರಿನ ಆ ಮನೆಯಲ್ಲಿ ನಾನು ನಕ್ಕದ್ದೂ ಅವುಗಳಲ್ಲಿ ಒಂದು.

ನನ್ನದೇ ಒಂದು ತಪ್ಪು

ಗುರುಮಠದಲ್ಲಿ ತತ್ವಶಾಸ್ತ್ರ ಓದುತ್ತಿದ್ದಾಗ ಒಂದು ಶಿಬಿರಕ್ಕೆ ಕಪ್ಪು ಮೈಬಣ್ಣದ, ಗುಂಗುರು ಕೂದಲಿನ ಯುವಕನೊಬ್ಬ ಬಂದಿದ್ದ. ಆಫ್ರಿಕಾದವನೆಂದು ತಿಳಿದ ನಾನು ನನಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ, ಮಗುವಿಗೆ ಹೇಳುವಂತೆ ಒಂದೊಂದೇ ಪದ ಬಿಡಿಸಿ, ಊಟದ ಮನೆ ಎಲ್ಲಿದೆ ಎಂದು ವಿವರಿಸಿದೆ. ಅವನು ತಾಳ್ಮೆಯಿಂದ ಎಲ್ಲವನ್ನೂ ಕೇಳಿ, "ಕನ್ನಡದಲ್ಲೇ ಹೇಳಿ ಬ್ರದರ್, ನಾನು ಹಳಿಯಾಳದ ಕಡೆಯವನು" ಎಂದ. ಆ ದಿನದ ನಾಚಿಕೆ ಇಂದಿಗೂ ಹೋಗಿಲ್ಲ.

ಅವನು ಸಿದ್ದಿ ಸಮುದಾಯದವನು. ಪೋರ್ಚುಗೀಸರು, ಅರಬ್ ವ್ಯಾಪಾರಿಗಳು ಶತಮಾನಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ತಂದವರ ವಂಶಜರು ಸಿದ್ದಿಗಳು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಅಂಕೋಲಾ, ಮುಂಡಗೋಡ ಕಡೆಯ ಕಾಡಿನಂಚಿನಲ್ಲಿ ನೆಲೆಸಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕಥೋಲಿಕರೂ ಇದ್ದಾರೆ. ಕನ್ನಡ, ಕೊಂಕಣಿ ಅವರ ಮನೆಮಾತು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರಾದರು. ನೀನಾಸಂ ಬಳಗದ ರಂಗಕರ್ಮಿಗಳು 1980ರ ದಶಕದಲ್ಲೇ ಸಿದ್ದಿಗಳೊಂದಿಗೆ ಸೇರಿ ಆಫ್ರಿಕಾದ ಲೇಖಕ ಚಿನುವಾ ಅಚಿಬೆಯ ಕಾದಂಬರಿಯನ್ನು ಕನ್ನಡ ನಾಟಕವಾಗಿ ಆಡಿಸಿದ್ದರು. ಅಲ್ಲಿಂದ ಮುಂದೆ ಸಿದ್ದಿ ಕಲಾವಿದರು ರಂಗಭೂಮಿಗೂ ಚಿತ್ರರಂಗಕ್ಕೂ ಬಂದಿದ್ದಾರೆ.

ಇಲ್ಲಿ ಇನ್ನೊಂದು ಪಾಠವಿದೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಓಟದ ತರಬೇತಿಗೆ ಆರಿಸಿಕೊಂಡಿತು. 'ಆಫ್ರಿಕಾ ಮೂಲದವರು, ಚೆನ್ನಾಗಿ ಓಡುತ್ತಾರೆ' ಎಂಬುದೇ ಅದರ ಹಿಂದಿನ ಯೋಚನೆ. ಕೆಲವರು ಪದಕ ತಂದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಮತ್ತೆ ಊರಿಗೆ ಬಂದರು. ಹೊಗಳಿಕೆಯ ಅಚ್ಚೂ ಅಚ್ಚೇ. ನಿನ್ನ ಕಾಲು ನಮಗೆ ಬೇಕು ಎನ್ನುವವನು 'ನಿನಗೆ ಏನಾಗಬೇಕೆಂಬ ಆಸೆಯಿದೆ?' ಎಂದು ಕೇಳುವುದನ್ನು ಮರೆಯುತ್ತಾನೆ.

ಎಂಟನೆಯ ಕಟ್ಟಳೆ

ಸಿನಿಮಾ ಎಂದರೆ ಆರನೆಯ ಕಟ್ಟಳೆಯನ್ನು ಮಾತ್ರ ನೆನೆಯುವುದು ನಮ್ಮ ರೂಢಿ. ಬಟ್ಟೆ ಹೇಗಿತ್ತು, ಕುಣಿತ ಹೇಗಿತ್ತು ಎಂದು ನೋಡುತ್ತೇವೆ. ಇದರಲ್ಲಿ ನಮ್ಮದೇ ಒಂದು ಹಳೆಯ ಕಥೆಯಿದೆ. 1930ರಲ್ಲಿ ಅಮೆರಿಕದ ಚಿತ್ರೋದ್ಯಮ ಒಂದು ನೀತಿಸಂಹಿತೆ ಒಪ್ಪಿಕೊಂಡಿತು. ಅದರ ಕರಡು ಬರೆದವರಲ್ಲಿ ಡೇನಿಯಲ್ ಲಾರ್ಡ್ ಎಂಬ ಯೇಸುಸಭೆಯ ಗುರುಗಳೂ ಇದ್ದರು. 1934ರಿಂದ ಅದು ಕಟ್ಟುನಿಟ್ಟಾಗಿ ಜಾರಿಯಾಗಲು ಕಥೋಲಿಕರ ಒತ್ತಾಯವೇ ಮುಖ್ಯ ಕಾರಣ. ಒಳ್ಳೆಯದೇ. ಆದರೆ ಅದೇ ಸಂಹಿತೆಯಲ್ಲಿ ಬಿಳಿಯರು ಮತ್ತು ಕರಿಯರ ನಡುವಿನ ಪ್ರಣಯವನ್ನು ತೋರಿಸಕೂಡದೆಂಬ ಸಾಲೂ ಇತ್ತು. ಅದು 1956ರವರೆಗೆ ಉಳಿಯಿತು. ಮಾನ ಮರ್ಯಾದೆಯ ಕಾವಲಿಗೆ ನಿಂತ ಪುಸ್ತಕದಲ್ಲೇ ಒಂದು ಜನಾಂಗದ ಅವಮಾನ ಕುಳಿತಿತ್ತು.

ಎಂಟನೆಯ ಕಟ್ಟಳೆ ನೆರೆಯವನ ವಿರುದ್ಧ ಸುಳ್ಳುಸಾಕ್ಷಿ ಹೇಳಬಾರದೆನ್ನುತ್ತದೆ. ಒಂದು ಚಿತ್ರದಲ್ಲಿ ಒಬ್ಬ ಕರಿಯ ಕಳ್ಳನಾದರೆ ಅದು ಕಥೆ. ನೂರು ಚಿತ್ರದಲ್ಲಿ ಕರಿಯನೇ ಕಳ್ಳ, ಕ್ರೈಸ್ತನೇ ಕುಡುಕ, ಮುಸ್ಲಿಮನೇ ಪುಂಡ ಆದರೆ ಅದು ಸಾಕ್ಷಿ, ಸುಳ್ಳುಸಾಕ್ಷಿ. ಸಾಕಷ್ಟು ಆಧಾರವಿಲ್ಲದೆ ನೆರೆಯವನಲ್ಲಿ ತಪ್ಪಿದೆಯೆಂದು ಮನಸ್ಸಿನಲ್ಲೇ ಒಪ್ಪಿಕೊಳ್ಳುವುದೂ ತಪ್ಪೆಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಕಲಿಸುತ್ತದೆ. ಬಾಯಿ ಬಿಟ್ಟು ಹೇಳಬೇಕೆಂದೇನೂ ಇಲ್ಲ. ಸಂತ ತೋಮಸ್ ಅಕ್ವಿನಾಸರು ಇನ್ನೂ ಮುಂದೆ ಹೋಗುತ್ತಾರೆ. ಕೆಟ್ಟವನನ್ನು ಒಳ್ಳೆಯವನೆಂದು ನಂಬಿ ಹಲವು ಸಲ ಮೋಸಹೋದರೂ ಚಿಂತೆಯಿಲ್ಲ, ಒಳ್ಳೆಯವನನ್ನು ಕೆಟ್ಟವನೆಂದು ಎಣಿಸಿ ಒಂದು ಸಲ ಎಡವುವುದು ಅದಕ್ಕಿಂತ ಕೆಡುಕು ಎಂಬುದು ಅವರ ವಿಚಾರದ ಸಾರ. ಹಿಂದಿನ ತಪ್ಪಿನಿಂದ ನಮ್ಮ ವ್ಯವಹಾರಕ್ಕೆ ಸ್ವಲ್ಪ ನಷ್ಟವಾದೀತು. ಎರಡನೆಯದರಿಂದ ಒಬ್ಬ ನಿರಪರಾಧಿಗೆ ಅನ್ಯಾಯವಾಗುತ್ತದೆ.

ಯೇಸುವೂ ಇಂಥ ಅಚ್ಚಿಗೆ ಸಿಕ್ಕವರೇ. ನಜರೇತಿನಂಥ ಊರಿನಿಂದ ಒಳ್ಳೆಯದೇನು ಬಂದೀತು ಎಂದು ನತಾನಿಯೇಲ ಮೂಗು ಮುರಿದ. ಫಿಲಿಪ್ಪ ಅವನೊಡನೆ ವಾದ ಮಾಡಲಿಲ್ಲ, ಬಂದು ಕಣ್ಣಾರೆ ನೋಡೆಂದು ಕರೆದ, ಅಷ್ಟೇ. ನತಾನಿಯೇಲನ ದೊಡ್ಡತನವೆಂದರೆ ಅವನು ಎದ್ದು ಹೋದ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ನಮ್ಮ ಗಾದೆಯೂ ಇದನ್ನೇ ಹೇಳುತ್ತದೆ.

ಮನೆಯಲ್ಲಿ ಏನು ಮಾಡಬಹುದು?

ಟಿ.ವಿ. ಮುಚ್ಚಿಡಿ ಎಂದು ನಾನು ಹೇಳುವುದಿಲ್ಲ. ಆರಿಸಿ ನೋಡುವ ಹೊಣೆ ನೋಡುಗರದ್ದೂ ಹೌದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿದೆ. ಮಕ್ಕಳ ಜೊತೆ ಕುಳಿತು ನೋಡಿ. ನೋಡಿದ ಮೇಲೆ ಮೂರು ಮಾತು ಕೇಳಿ. ಈ ಚಿತ್ರದಲ್ಲಿ ಕೆಟ್ಟವನ ಹೆಸರು, ಬಣ್ಣ, ವೇಷ ಯಾವುದು? ಕಳೆದ ವಾರದ ಚಿತ್ರದಲ್ಲೂ ಅದೇ ಇತ್ತೇ? ಆ ಮನುಷ್ಯನಿಗೆ ಒಂದು ಮನೆ, ತಾಯಿ, ಅಳು ಇದೆಯೆಂದು ಚಿತ್ರ ತೋರಿಸಿತೇ? ಮಗು ತಪ್ಪು ಹೇಳಿದರೆ ಗದರಿಸಬೇಡಿ. ನಗಲೂಬೇಡಿ.

ಎರಡು ತಿಂಗಳ ಹಿಂದೆ ಆ ಹುಡುಗ ಪೂಜೆ ಮುಗಿದ ಮೇಲೆ ನನ್ನ ಹತ್ತಿರ ಓಡಿಬಂದ. "ಫಾದರ್, ನಿನ್ನೆ ಇನ್ನೊಂದು ಸಿನಿಮಾ ನೋಡಿದೆ. ಅದರಲ್ಲೂ ಅಂಥವನೇ ಒಬ್ಬ ಇದ್ದ. ನಾನು ಏನೂ ಹೇಳದೆ ಸುಮ್ನೆ ಕಾಯ್ತಾ ಇದ್ದೆ. ಆದ್ರೆ ಈ ಸಲ ಅವನೇ ಕಳ್ಳ ಆಗಿದ್ದ ಫಾದರ್!" ಅವನ ಮುಖದಲ್ಲಿ ಸ್ವಲ್ಪ ನಿರಾಸೆಯಿತ್ತು.

"ಆಗಿರಲಿ ಬಿಡಪ್ಪ" ಎಂದೆ. "ಅವನು ಕದಿಯೋವರೆಗೂ ನೀನು ಅವನನ್ನ ಕಳ್ಳ ಅನ್ನಲಿಲ್ಲವಲ್ಲ. ನಾನು ಕೇಳಿದ್ದು ಅಷ್ಟೇ."

ಕುಟುಂಬ ಚಿಂತನೆಗೆ

1. ನಮ್ಮ ಮನೆಯಲ್ಲಿ ಬೇರೆ ಜಾತಿ, ಧರ್ಮ, ಬಣ್ಣ, ಊರಿನವರ ಬಗ್ಗೆ ಆಡಿಕೊಂಡು ನಗುವ ಮಾತು ಯಾವುದು? ಅದನ್ನು ಅವರ ಎದುರಿಗೇ ಆಡಬಲ್ಲೆವೇ?

2. ಕ್ರೈಸ್ತರೆಂಬ ಕಾರಣಕ್ಕೆ ನಮ್ಮ ಬಗ್ಗೆ ಯಾರಾದರೂ ತಪ್ಪು ತಿಳಿದದ್ದುಂಟೇ? ಆಗ ನಮಗೆ ಏನನ್ನಿಸಿತು?

3. ದೂರದಿಂದಲೇ ಬಲ್ಲ ಒಬ್ಬ ನೆರೆಯವರನ್ನು ಈ ತಿಂಗಳು ಮನೆಗೆ ಕರೆಯಬಹುದೇ, ಅಥವಾ ಅವರ ಮನೆಗೆ ಹೋಗಬಹುದೇ?

ಒಟ್ಟಿಗೆ ಓದಿ: ಯೊವಾನ್ನ 1:43-51, ಯಾಕೋಬ 2:1-9.